ಡಬ್ಬಿಯೊಳಗೊಂದು ಹುತ್ತ

ಕನ್ನಡದಲ್ಲಿ ಪೊರೆ ಅನ್ನೋ ಪದಕ್ಕೆ ಮೂರು ಅರ್ಥ ಇದೆ. ಹಾವು ಕಳಚಿಟ್ಟು ಹೋಗೋದು ಪೊರೆ. ವಯಸ್ಸಾದವರ ಕಣ್ಣಿಗೆ ಬರೋದೂ ಪೊರೆ. ಅದನ್ನೇ ಕ್ರಿಯಾಪದ ಮಾಡಿಕೊಂಡರೆ ಕಾಪಾಡು, ಸಲಹು ಅಂತ ಅರ್ಥ. ಹಾವು ಸಾಕಿದವರ ಚರಿತ್ರೆ ಓದುತ್ತಾ ಹೋದರೆ ಈ ಮೂರೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಪೊರೆ ಬಿಡೋ ಮುಂಚೆ ಹಾವಿನ ಕಣ್ಣು ನಿಜಕ್ಕೂ ಪೊರೆ ಬಂದ ಹಾಗೆ ಹಾಲುನೀಲಿಯಾಗುತ್ತೆ. ಅದನ್ನು ಪೊರೆಯುವವರಿಗೆ ಪರೀಕ್ಷೆ ಬರೋದೂ ಆ ವಾರದಲ್ಲೇ.

ಹಾವು ಸಾಕಿಕೊಂಡಿರುವ ಪರಿಚಯದವರು ನನ್ನನ್ನು ಕೇಳೋ ಪ್ರಶ್ನೆ ಬಹುತೇಕ ಒಂದೇ: "ಪೊರೆ ಚೂರು ಚೂರಾಗಿ ಬರ್ತಿದೆ, ಎಳೆದು ತೆಗೆದುಬಿಡ್ಲಾ?" ಬೇಡ ಅನ್ನೋದು ಚಿಕ್ಕ ಉತ್ತರ. ಈ ಚಿಕ್ಕ ಉತ್ತರಕ್ಕೆ ಬರೋದಕ್ಕೆ ಮನುಷ್ಯರಿಗೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಹಾವಿಗೆ ಬೆಚ್ಚಗಿನ ಮನೆ ಬೇಕು ಅಂತ ಬೇಗ ಗೊತ್ತಾಯಿತು. ಆ ಮನೆಯ ಗಾಳಿಯಲ್ಲಿ ತೇವ ಎಷ್ಟಿರಬೇಕು ಅನ್ನೋದು ಬಹಳ ತಡವಾಗಿ ಗೊತ್ತಾಯಿತು. ಆ ತಡದ ಕಥೆಯೇ ಇವತ್ತಿನ ಬರಹ.

ಮೊದಲು ಪೊರೆ ಬಿಡೋದು ಅಂದ್ರೆ ಏನು ನೋಡೋಣ. ಹಾವಿನ ಮೈ ಮೇಲಿನ ಹಳೆಯ ಪದರದ ಕೆಳಗೆ ಹೊಸ ಪದರ ಪೂರ್ತಿಯಾಗಿ ಬೆಳೆಯುತ್ತೆ. ಆಮೇಲೆ ಎರಡರ ನಡುವೆ ಸಣ್ಣಗೆ ದ್ರವ ಸೇರಿಕೊಳ್ಳುತ್ತೆ. ಆಗ ಬಣ್ಣ ಮಂಕಾಗುತ್ತೆ, ಹಾವು ಊಟ ಬಿಟ್ಟು ಮೂಲೆ ಹಿಡಿಯುತ್ತೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಕನ್ನಡಕದ ಗಾಜಿನ ಹಾಗೆ ಒಂದು ಪಾರದರ್ಶಕ ಚಿಪ್ಪು ಇದೆ, ಅದೂ ಪೊರೆಯ ಭಾಗವೇ. ದ್ರವ ಅಲ್ಲಿಗೂ ಹೋಗೋದರಿಂದ ಕಣ್ಣು ನೀಲಿಯಾಗುತ್ತೆ. ಕೆಲವು ದಿನ ಬಿಟ್ಟು ಕಣ್ಣು ಮತ್ತೆ ತಿಳಿಯಾಗುತ್ತೆ. ಅದಾದ ಮೇಲೆ ಹಾವು ಮೂತಿಯನ್ನು ಕಲ್ಲಿಗೋ ಕೊರಡಿಗೋ ಉಜ್ಜಿ, ತುಟಿಯ ಹತ್ತಿರ ಪೊರೆ ಬಿಡಿಸಿಕೊಂಡು, ಕಾಲುಚೀಲ ತೆಗೆದ ಹಾಗೆ ಒಳಗನ್ನು ಹೊರಗು ಮಾಡಿ ಆಚೆ ಬರುತ್ತೆ. ಎಲ್ಲ ಸರಿಯಿದ್ದರೆ ಮೂತಿಯಿಂದ ಬಾಲದ ತುದಿತನಕ, ಎರಡು ಕಣ್ಣಿನ ಚಿಪ್ಪುಗಳ ಸಮೇತ ಒಂದೇ ತುಂಡು. ಗಾಳಿ ಒಣಗಿದ್ದರೆ, ಇಲ್ಲಾ ಹಾವಿನ ಮೈಯಲ್ಲೇ ನೀರು ಕಡಿಮೆ ಇದ್ದರೆ, ಹಳೆಯ ಪದರ ಮೆತ್ತಗಾಗದೆ ಹೊಸದಕ್ಕೆ ಅಂಟಿಕೊಂಡುಬಿಡುತ್ತೆ. ಬಾಲದ ತುದಿಯಲ್ಲಿ ಉಂಗುರದ ಹಾಗೆ ಉಳಿದ ಪೊರೆ ಒಣಗಿ ಬಿಗಿಯಾದರೆ ರಕ್ತ ಓಡಾಡದೆ ತುದಿಯೇ ಸಾಯಬಹುದು. ಕಣ್ಣಿನ ಮೇಲೆ ಹಳೆಯ ಚಿಪ್ಪು ಉಳಿದು, ಅದರ ಮೇಲೆ ಮುಂದಿನದೂ ಉಳಿದರೆ ಹಾವಿನ ನೋಟಕ್ಕೇ ಕುತ್ತು.

ಹಳಬರು ಇದನ್ನೆಲ್ಲ ನೋಡಿರಲಿಲ್ಲ ಅಂದುಕೊಳ್ಳಬೇಡಿ. ಅರಿಸ್ಟಾಟಲ್ ತನ್ನ ಪ್ರಾಣಿಗಳ ಚರಿತ್ರೆಯಲ್ಲಿ ಪೊರೆ ಮೊದಲು ಕಣ್ಣಿನ ಹತ್ತಿರ ಬಿಡೋದಕ್ಕೆ ಶುರುವಾಗುತ್ತೆ, ಗೊತ್ತಿಲ್ಲದವರಿಗೆ ಹಾವು ಕುರುಡಾಗ್ತಿದೆ ಅನ್ನಿಸುತ್ತೆ, ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯಲ್ಲಿ ತಲೆಯಿಂದ ಬಾಲದವರೆಗೆ ಎಲ್ಲ ಕಳಚುತ್ತೆ ಅಂತ ಬರೆದಿದ್ದಾನೆ. ರೋಮಿನ ಪ್ಲಿನಿ, ಚಳಿಗಾಲ ಕಳೆದ ಹಾವಿಗೆ ಪೊರೆ ಅಡ್ಡವಾದರೆ ಅದು ದೊಡ್ಡಸೋಂಪಿನ ಗಿಡದ ರಸದ ಸಹಾಯದಿಂದ ಅದನ್ನು ಕಳಚಿ ಹೊಳೆಯುತ್ತಾ ಹೊರಬರುತ್ತೆ ಅಂದಿದ್ದಾನೆ. ಸೋಂಪಿಗೆ ಆ ಗುಣ ಏನೂ ಇಲ್ಲ. ಆದರೆ ಹಸಿ ಗಿಡಕ್ಕೆ ಮೈ ಉಜ್ಜೋ ಹಾವನ್ನು ಯಾರೋ ಕಂಡಿರಬೇಕು. ಪೊರೆ ಸಿಕ್ಕಿಕೊಳ್ಳಬಹುದು, ಒದ್ದೆಯಾದದ್ದು ಏನೋ ಅದನ್ನು ಬಿಡಿಸುತ್ತೆ ಅನ್ನೋ ಅಷ್ಟಂತೂ ಆ ಕಥೆಯ ಒಳಗಿದೆ.

ನಮ್ಮಲ್ಲಿ ಬೃಹದಾರಣ್ಯಕ ಉಪನಿಷತ್ತು ಆತ್ಮ ಬಿಟ್ಟುಹೋದ ಶರೀರಕ್ಕೆ ಹೋಲಿಕೆ ಕೊಡುವಾಗ ಹಾವಿನ ಪೊರೆಯನ್ನು ತರುತ್ತೆ. ಅದು ಸುಮ್ಮನೆ ಎಲ್ಲೋ ಬಿದ್ದಿರುವ ಪೊರೆ ಅಲ್ಲ. ಹುತ್ತದ ಮೇಲೆ ಬಿದ್ದಿರುವ ಪೊರೆ. ವೇದಾಂತದವರು ಆತ್ಮ ಹಿಡಿದು ಮುಂದೆ ಹೋದರು, ವೈದ್ಯರು ಸರ್ಪನಿರ್ಮೋಕ ಅಂತ ಹೆಸರಿಟ್ಟು ಪೊರೆಯನ್ನು ಧೂಪಕ್ಕೆ ಹಾಕಿದರು. ನನ್ನ ಗಮನ ಹೋಗೋದು ಹುತ್ತದ ಕಡೆಗೆ. ಪೊರೆ ಅಲ್ಲೇ ಯಾಕೆ ಬಿದ್ದಿತ್ತು?

ಹುತ್ತ ಕಟ್ಟೋದು ಗೆದ್ದಲು, ಇರೋದು ಹಾವು ಅಂತ ನಮ್ಮಲ್ಲಿ ಮಾತಿದೆ. ಬೇರೆಯವರ ದುಡಿಮೆ ತಿನ್ನುವವರನ್ನು ಬಯ್ಯೋದಕ್ಕೆ ಆ ಮಾತು ಬಳಸ್ತೀವಿ. ಆದರೆ ಹಾವು ಆ ಮನೆಯನ್ನೇ ಯಾಕೆ ಆರಿಸಿಕೊಳ್ಳುತ್ತೆ ಅಂತ ಕೇಳಿದರೆ ಬೇರೆ ವಿಷಯ ಹೊರಬೀಳುತ್ತೆ. ಗೆದ್ದಲಿನ ಮೈ ತುಂಬಾ ತೆಳು, ಒಣ ಗಾಳಿಗೆ ಸಿಕ್ಕಿದರೆ ಬೇಗ ಸಾಯುತ್ತೆ. ಹಾಗಾಗಿ ಅದು ಕೆಳಗಿನ ಹಸಿ ಮಣ್ಣು ತಂದು, ದಪ್ಪ ಗೋಡೆ ಎಬ್ಬಿಸಿ, ಒಳಗೆ ಸದಾ ತೇವ ಇರೋ ಹಾಗೆ ನೋಡಿಕೊಳ್ಳುತ್ತೆ. ಹೊರಗೆ ಏಪ್ರಿಲ್‌ನ ಬಿಸಿಲಿರಲಿ, ಒಣಗಾಳಿ ಇರಲಿ, ಆಳದ ಕೋಣೆಗಳಲ್ಲಿ ಗಾಳಿ ನೀರಾವಿಯಿಂದ ತುಂಬಿರುತ್ತೆ. ಗೆದ್ದಲು ಬಿಟ್ಟ ಹುತ್ತದಲ್ಲೂ ಹೊರಗಿನ ಏರಿಳಿತ ಅಷ್ಟಾಗಿ ಒಳಗೆ ಮುಟ್ಟಲ್ಲ. ಪೊರೆ ಬಿಡೋ ಹಾವಿಗೆ ಬೇಕಾದ್ದು ಅದೇ: ಕತ್ತಲೆ, ಬಿಗಿಯಾದ ಜಾಗ, ಹಸಿ ಗಾಳಿ, ಹೊರಬರುವಾಗ ಮೂತಿ ಉಜ್ಜೋದಕ್ಕೆ ಒರಟು ಬಾಯಿ. ಉಪನಿಷತ್ತಿನ ಪೊರೆ ಬಿದ್ದಿದ್ದ ಜಾಗ ಲೆಕ್ಕಕ್ಕೆ ಸರಿಯಾಗಿಯೇ ಇದೆ.

ಕಾಡಿನ ಹಾವಿಗೆ ಈ ತೊಂದರೆ ಕಡಿಮೆ, ಯಾಕಂದ್ರೆ ಬೇಕಾದ ಗಾಳಿ ಇರೋ ಕಡೆಗೆ ಅದು ಹರಿದು ಹೋಗುತ್ತೆ. ತೊಂದರೆ ಶುರುವಾಗಿದ್ದು ನಾವು ಅದನ್ನು ಪೆಟ್ಟಿಗೆಯೊಳಗೆ ಹಾಕಿದಾಗ.

ಗಾಳಿಯ ತೇವ ಅಳೆಯೋ ವಿದ್ಯೆ ಆಗ ಇರಲಿಲ್ವಾ ಅಂದ್ರೆ, ಇತ್ತು. 1783ರಲ್ಲಿ ಜಿನೀವಾದ ಸೊಸ್ಯೂರ್ ಅನ್ನೋ ಪರ್ವತಪ್ರಿಯ ವಿಜ್ಞಾನಿ ಮನುಷ್ಯನ ಕೂದಲಿನಿಂದ ಆರ್ದ್ರತಾಮಾಪಕ ಮಾಡಿದ. ಕೂದಲು ತೇವಕ್ಕೆ ಉದ್ದವಾಗುತ್ತೆ, ಒಣಗಿದರೆ ಕುಗ್ಗುತ್ತೆ. ಅದಕ್ಕೊಂದು ಮುಳ್ಳು ಕಟ್ಟಿದರೆ ಆಯಿತು. ಕೂದಲು ಕೆರಾಟಿನ್ ಅನ್ನೋ ವಸ್ತುವಿನಿಂದ ಆಗಿದ್ದು, ಹಾವಿನ ಪೊರೆಯಲ್ಲಿರೋದೂ ಅದೇ ಗುಂಪಿನ ವಸ್ತು. ಒದ್ದೆಯಾದರೆ ಮೆತ್ತಗೆ, ಒಣಗಿದರೆ ಬಿರುಸು. ಅಂದ್ರೆ ಪ್ರತಿ ಹಾವೂ ಒಂದು ಆರ್ದ್ರತಾಮಾಪಕವನ್ನು ಮೈಮೇಲೆ ಹೊದ್ದುಕೊಂಡೇ ಓಡಾಡ್ತಿದೆ. ಓದುವವರು ಇರಲಿಲ್ಲ, ಅಷ್ಟೇ.

ಇನ್ನೊಂದು ಸುಳಿವು 1829ರಲ್ಲಿ ಸಿಕ್ಕಿತ್ತು. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಒಂದು ಪತಂಗದ ಕೋಶವನ್ನು ಹಸಿಮಣ್ಣಿನ ಜೊತೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ. ಪತಂಗಕ್ಕೆ ಕಾಯ್ತಾ ಇದ್ದವನಿಗೆ ಕಂಡಿದ್ದು ಮಣ್ಣಿನಲ್ಲಿ ಮೊಳೆತ ಒಂದು ಜರಿಗಿಡ, ಒಂದು ಹುಲ್ಲು. ಲಂಡನ್ನಿನ ಹೊಗೆಗಾಳಿಯಲ್ಲಿ ಅವನ ತೋಟದ ಜರಿಗಿಡಗಳು ಸಾಯ್ತಾ ಇದ್ದವು, ಸೀಸೆಯೊಳಗಿನದು ಬದುಕಿತು. ಹಗಲು ಆವಿಯಾದ ನೀರು ಗಾಜಿಗೆ ತಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. ವಾರ್ಡ್‌ನ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಗಿಡಗಳನ್ನು ಹೊತ್ತು ಲಂಡನ್ನಿನಿಂದ ಸಿಡ್ನಿಗೆ ಹೋದವು. ಚೀನಾದ ಚಹಾ ಗಿಡ ಭಾರತಕ್ಕೆ ಬಂದಿದ್ದೂ ಇಂಥ ಪೆಟ್ಟಿಗೆಯಲ್ಲೇ. ಗಿಡಗಳಿಗೆ ಗಾಜಿನೊಳಗೆ ಹಸಿ ಗಾಳಿ ಕೊಡೋದು ಹೇಗೆ ಅಂತ ಲಂಡನ್ನಿಗೆ ಹೀಗೆ ಗೊತ್ತಾಗಿತ್ತು.

ಅದೇ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೇ ಅಂತ ಒಂದು ಮನೆ ತೆರೆಯಿತು. ಜಗತ್ತಿನ ಮೊದಲ ಸಾರ್ವಜನಿಕ ಹಾವಿನ ಮನೆ ಅದು. ಉಷ್ಣದೇಶದ ಪ್ರಾಣಿಗಳು, ಹೊರಗೆ ಇಂಗ್ಲೆಂಡಿನ ಚಳಿ. ಹಾಗಾಗಿ ಎಲ್ಲರ ಯೋಚನೆ ಶಾಖದ ಮೇಲೆ. ಪೆಟ್ಟಿಗೆ ಬಿಸಿ ಮಾಡಿದರು, ಒಳಗೆ ಕಂಬಳಿ ಹಾಕಿದರು. ಆ ಕಂಬಳಿಯ ಕಥೆ ಕೇಳಿದರೆ ನಗು ಬರುತ್ತೆ. ಒಂದು ಬೋವಾ ಹಾವು ಒಂದು ರಾತ್ರಿ ತನ್ನ ಕಂಬಳಿಯನ್ನೇ ನುಂಗಿ, ತಿಂಗಳು ಕಳೆದ ಮೇಲೆ ಹೊರಗೆ ಕಕ್ಕಿತು. ಹಾವಿಗೆ ತನ್ನದೇ ಮೈಶಾಖ ಇಲ್ಲ, ಕಂಬಳಿ ಹೊದಿಸಿದರೆ ಬೆಚ್ಚಗಾಗೋದಕ್ಕೆ ಒಳಗೆ ಬಿಸಿಯೇ ಇಲ್ಲ. ನಮಗೆ ಚಳಿಯಾದಾಗ ಏನು ಬೇಕೋ ಅದನ್ನೇ ಹಾವಿಗೂ ಕೊಟ್ಟಿದ್ದರು.

ಬಿಸಿ ಮಾಡೋದರಲ್ಲಿ ಇನ್ನೊಂದು ತೊಡಕು ಅಡಗಿತ್ತು, ಅದು ಕಣ್ಣಿಗೆ ಕಾಣಲ್ಲ. ಸ್ವಲ್ಪ ಲೆಕ್ಕ ಮಾಡೋಣ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. 32 ಡಿಗ್ರಿಗೆ ಏರಿಸಿದರೆ ಅದೇ ಗಾಳಿ ಸುಮಾರು 34 ಗ್ರಾಂ ಹಿಡಿಯುತ್ತೆ. ಈಗ ಕೋಣೆಯಲ್ಲಿ 20 ಡಿಗ್ರಿ ಇದೆ, ಆರ್ದ್ರತೆ ಶೇಕಡಾ 60 ಇದೆ ಅಂದುಕೊಳ್ಳಿ. ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಿದೆ. ಆ ಗಾಳಿ ಹಾವಿನ ಪೆಟ್ಟಿಗೆಯೊಳಗೆ ಹೋಗಿ 32 ಡಿಗ್ರಿಗೆ ಕಾದರೆ ನೀರು ಅದೇ 10 ಗ್ರಾಂ, ಆದರೆ ಆರ್ದ್ರತೆ ಶೇಕಡಾ 30ಕ್ಕೆ ಇಳಿಯಿತು. ಒಂದು ತೊಟ್ಟು ನೀರೂ ಹೊರಗೆ ಹೋಗಿಲ್ಲ, ಗಾಳಿ ಮಾತ್ರ ಅರ್ಧಕ್ಕರ್ಧ ಒಣಗಿದೆ. ಆ ಬಾಯಾರಿದ ಗಾಳಿ ಇನ್ನು ನೀರು ಎಳೆದುಕೊಳ್ಳೋದು ನೀರಿನ ಬಟ್ಟಲಿನಿಂದ, ಮಣ್ಣಿನಿಂದ, ಹಾವಿನಿಂದ. ಅಂದ್ರೆ ಹಾವಿಗೆ ಎಷ್ಟು ಪ್ರೀತಿಯಿಂದ ಬಿಸಿ ಕೊಟ್ಟರೋ ಅಷ್ಟೇ ವೇಗವಾಗಿ ಅದನ್ನು ಒಣಗಿಸಿದರು. ಇವತ್ತಿಗೂ ಮನೆಗಳಲ್ಲಿ ಪೊರೆ ಸಿಕ್ಕಿಕೊಳ್ಳೋದಕ್ಕೆ ಮುಖ್ಯ ಕಾರಣ ಇದೇ ಲೆಕ್ಕ.

ಶಾಖದ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟಿದ್ದು ಜೋನ್ ಪ್ರಾಕ್ಟರ್. ಹುಡುಗಿಯಾಗಿದ್ದಾಗಿಂದ ಹಲ್ಲಿ ಹಾವು ಸಾಕಿಕೊಂಡಿದ್ದ ಈಕೆ, 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪಗಳ ಮೇಲ್ವಿಚಾರಕಿಯಾದರು. ಅವರ ಯೋಜನೆಯಂತೆ ಕಟ್ಟಿದ ಹೊಸ ಹಾವಿನ ಮನೆ 1927ರಲ್ಲಿ ತೆರೆಯಿತು. ಇಡೀ ಕಟ್ಟಡವನ್ನು ಒಂದೇ ಸಮ ಕಾಯಿಸೋ ಬದಲು ಪ್ರತಿ ಗೂಡಿನಲ್ಲಿ ಬಿಸಿ ಜಾಗ, ತಂಪು ಜಾಗ ಬೇರೆ ಬೇರೆ ಇರೋ ಹಾಗೆ ವಿದ್ಯುತ್ ಶಾಖ ಕೊಟ್ಟರು. ನೇರಳಾತೀತ ಕಿರಣ ಒಳಗೆ ಬಿಡೋ ವಿಶೇಷ ಗಾಜು ಹಾಕಿಸಿದರು. ಕಾಯಿಲೆಯ ಮೈ ಹೊತ್ತುಕೊಂಡೇ ಇಷ್ಟೆಲ್ಲ ಮಾಡಿ 1931ರಲ್ಲಿ, 34ನೇ ವಯಸ್ಸಿಗೆ ತೀರಿಕೊಂಡರು. ಪ್ರಾಣಿಗೆ ಎಲ್ಲಿ ಇರಬೇಕು ಅಂತ ಆರಿಸೋ ಅವಕಾಶ ಕೊಡಬೇಕು ಅನ್ನೋದು ಅವರ ಕಟ್ಟಡದ ಒಳಗಿದ್ದ ವಿಚಾರ. ಶಾಖಕ್ಕೆ ಅನ್ವಯಿಸಿದ ಆ ವಿಚಾರ ತೇವಕ್ಕೂ ಅನ್ವಯಿಸೋದಕ್ಕೆ ಇನ್ನೂ ಸಮಯ ಬೇಕಿತ್ತು.

ಅಲ್ಲಿಯವರೆಗೆ ನಡೀತಿದ್ದ ಉಪಾಯ ಕೈ ಮತ್ತು ಚಿಮಟ. ಪೊರೆ ಸಿಕ್ಕಿಕೊಂಡ ಹಾವನ್ನು ಇಬ್ಬರು ಮೂವರು ಹಿಡಿದುಕೊಳ್ಳೋದು, ಒಬ್ಬರು ಎಣ್ಣೆಯೋ ನೀರೋ ಹಚ್ಚಿ ಸುಲಿಯೋದು, ಕಣ್ಣಿನ ಚಿಪ್ಪನ್ನು ಚಿಮಟದಿಂದ ಎತ್ತೋದು. ಕಾಳಿಂಗದಂಥ ಹಾವಿನ ವಿಷಯದಲ್ಲಿ ಇದು ಹಿಡಿದವರ ಜೀವಕ್ಕೂ ಅಪಾಯ. ಹಾವಿನ ಕಣ್ಣಿಗಂತೂ ಖಂಡಿತ ಅಪಾಯ. ಹಳೆಯ ಚಿಪ್ಪು ಅಂತ ಎತ್ತಿದ್ದು ಕೆಳಗಿನ ಹೊಸದೇ ಆಗಿದ್ದರೆ ಕಣ್ಣು ಹೋಯಿತು. ಅವರಲ್ಲಿ ಕಾಳಜಿಗೇನೂ ಕೊರತೆ ಇರಲಿಲ್ಲ. ಕಣ್ಣ ಮುಂದೆ ಇದ್ದದ್ದು ಚರ್ಮ, ಹಾಗಾಗಿ ಚರ್ಮಕ್ಕೆ ಮದ್ದು ಮಾಡಿದರು. ಸುತ್ತಲಿನ ಗಾಳಿ ಕಣ್ಣಿಗೆ ಕಾಣೋದಿಲ್ಲವಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಸರೀಸೃಪದ ಚರ್ಮದಿಂದ ನೀರು ಹೊರಗೆ ಹೋಗಲ್ಲ, ಚಿಪ್ಪುಗಳು ಅದನ್ನು ತಡೆಯುತ್ತವೆ ಅಂತ ಬಹುಕಾಲ ವಿಜ್ಞಾನಿಗಳೇ ನಂಬಿದ್ದರು. 1960ರ ದಶಕದಿಂದ ಈ ನಂಬಿಕೆ ಒಂದೊಂದಾಗಿ ಕಳಚಿತು. 1965ರಲ್ಲಿ ಪಾಲ್ ಮ್ಯಾಡರ್ಸನ್ ಹಾವಿನ ಪೊರೆಯ ಚಕ್ರವನ್ನು ಸೂಕ್ಷ್ಮದರ್ಶಕದ ಕೆಳಗೆ ಹಂತ ಹಂತವಾಗಿ ವಿವರಿಸಿದರು. ಹಳೆಯದರ ಕೆಳಗೆ ಹೊಸ ಪದರ ಪೂರ್ತಿ ತಯಾರಾದ ಮೇಲೆಯೇ ಬಿಡುಗಡೆ ಅನ್ನೋದು ಸ್ಪಷ್ಟವಾಯಿತು. 1966ರಲ್ಲಿ ಬೆಂಟ್ಲಿ ಮತ್ತು ಶ್ಮಿಟ್-ನೀಲ್ಸನ್, ಸರೀಸೃಪಗಳು ಆವಿಯಾಗಿ ಕಳೆದುಕೊಳ್ಳೋ ನೀರಿನ ದೊಡ್ಡ ಪಾಲು ಚರ್ಮದಿಂದಲೇ ಹೋಗುತ್ತೆ, ಉಸಿರಿನಿಂದ ಅಲ್ಲ ಅಂತ ತೋರಿಸಿದರು. 1972ರಲ್ಲಿ ಲಿಕ್ಟ್ ಮತ್ತು ಬೆನೆಟ್ ಕೈಗೆ ಒಂದು ವಿಚಿತ್ರ ಹಾವು ಸಿಕ್ಕಿತು: ಹುಟ್ಟಿನಿಂದಲೇ ಚಿಪ್ಪಿಲ್ಲದ ಒಂದು ಗೋಫರ್ ಹಾವು. ಚಿಪ್ಪೇ ನೀರು ತಡೆಯೋದಾದರೆ ಇದು ಒಣಗಿ ಸಾಯಬೇಕಿತ್ತು. ಅಳೆದು ನೋಡಿದರೆ ಅದು ಮಾಮೂಲಿ ಹಾವಿಗಿಂತ ಹೆಚ್ಚು ನೀರನ್ನೇನೂ ಕಳೆದುಕೊಳ್ಳುತ್ತಿರಲಿಲ್ಲ. ಹಾಗಾದರೆ ತಡೆಯೋದು ಯಾರು? 1980ರಲ್ಲಿ ರಾಬರ್ಟ್ಸ್ ಮತ್ತು ಲಿಲಿವೈಟ್ ಉತ್ತರ ಕೊಟ್ಟರು: ಚರ್ಮದ ಪದರಗಳ ನಡುವೆ ಹರಡಿರುವ ಕೊಬ್ಬಿನಂಶ. ಅದನ್ನು ತೊಳೆದು ತೆಗೆದರೆ ಚರ್ಮ ನೀರನ್ನು ಬಿಟ್ಟುಕೊಟ್ಟಿತು.

ಇದೇ ಸರಣಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು 2002ರ ಒಂದು ಕೆಲಸ. ಲಿಲಿವೈಟ್ ಮತ್ತು ಸಂಗಡಿಗರು ಅಮೆರಿಕದ ಕಿಂಗ್‌ಸ್ನೇಕ್ ಮರಿಗಳನ್ನು ಮೊಟ್ಟೆಯೊಡೆದಾಗಿಂದ ಅಳೆದರು. ಮೊದಲ ಪೊರೆ ಬಿಟ್ಟ ಮೇಲೆ ಮರಿಯ ಚರ್ಮದಿಂದ ಹೋಗೋ ನೀರು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮೊಟ್ಟೆಯ ಹಸಿ ಲೋಕದಿಂದ ಬಂದ ಮರಿ, ಮೊದಲ ಪೊರೆಯ ಜೊತೆ ಒಣ ಲೋಕಕ್ಕೆ ಬೇಕಾದ ಅಂಗಿ ತೊಟ್ಟುಕೊಳ್ಳುತ್ತೆ. ಪೊರೆ ಬಿಡೋದು ಅಂದ್ರೆ ಹಳೆ ಬಟ್ಟೆ ಬಿಸಾಕೋದು ಅಂತ ನಾವು ನೋಡ್ತೀವಿ. ಹಾವಿಗೆ ಅದು ನೀರು ಉಳಿಸಿಕೊಳ್ಳೋ ಹೊಸ ಗೋಡೆ. ಆ ಕೆಲಸ ಅರ್ಧಕ್ಕೆ ಕೆಟ್ಟರೆ ನಷ್ಟ ಎಷ್ಟು ಅಂತ ಇದರಿಂದ ಗೊತ್ತಾಗುತ್ತೆ.

ಪ್ರಯೋಗಾಲಯದಲ್ಲಿ ಇದೆಲ್ಲ ನಡೀತಿದ್ದ ಕಾಲದಲ್ಲೇ ಅಮೆರಿಕ, ಯುರೋಪಿನ ಮನೆಗಳಿಗೆ ಹಾವು ಸಾಕುಪ್ರಾಣಿಯಾಗಿ ಹೊಕ್ಕಿತು. ಅದರಲ್ಲಿ ಎಲ್ಲರಿಗಿಂತ ಹೆಸರಾಗಿದ್ದು ಬಾಲ್ ಪೈಥಾನ್. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳೋ, ಪಶ್ಚಿಮ ಆಫ್ರಿಕಾದ ಸಣ್ಣ ಹೆಬ್ಬಾವು. ಘಾನಾ, ಟೋಗೊ, ಬೆನಿನ್ ದೇಶಗಳಿಂದ ರಾಶಿ ರಾಶಿ ರಫ್ತಾಯಿತು. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಬಿಳಿ-ಹಳದಿ ಬಣ್ಣದ ಅಲ್ಬಿನೋ ಮರಿಗಳನ್ನು ಮನೆಯಲ್ಲೇ ಮರಿ ಮಾಡಿಸಿದ ಮೇಲೆ ಬಣ್ಣಬಣ್ಣದ ತಳಿಗಳ ದೊಡ್ಡ ವ್ಯಾಪಾರವೇ ಶುರುವಾಯಿತು.

ಈ ಹಾವಿನ ಊರು ಹುಲ್ಲುಗಾವಲು. ವರ್ಷದ ಕೆಲವು ತಿಂಗಳು ಸಹಾರಾ ಕಡೆಯಿಂದ ಹರ್ಮಟಾನ್ ಅನ್ನೋ ಧೂಳಿನ ಒಣಗಾಳಿ ಬೀಸುತ್ತೆ, ತುಟಿ ಒಡೆಯೋ ಅಷ್ಟು ಒಣಗಾಳಿ. ಭೂಪಟ ನೋಡಿದವರಿಗೆ ಇದು ಒಣನಾಡಿನ ಹಾವು, ತೇವ ಬೇಡ ಅನ್ನಿಸೋದು ಸಹಜ. ಆದರೆ ಬಾಲ್ ಪೈಥಾನ್ ಬದುಕಿನ ಬಹುಭಾಗ ಕಳೆಯೋದು ಇಲಿ ಹೆಗ್ಗಣಗಳ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ. ಅಲ್ಲಿಯೂ ಹುತ್ತವೇ! ಮೇಲೆ ಹರ್ಮಟಾನ್ ಬೀಸುವಾಗ ಕೆಳಗೆ ಹಾವು ಹಸಿ ಗಾಳಿಯಲ್ಲಿ ಸುತ್ತಿಕೊಂಡು ಮಲಗಿರುತ್ತೆ. ಊರಿನ ಹವಾಮಾನ ಬೇರೆ, ಹಾವಿನ ಹವಾಮಾನ ಬೇರೆ.

ಹಾವು ಸಾಕುವವರಿಗೆ ಇದು ಗೊತ್ತಾಗಿದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಡಬ್ಬಿಯಿಂದ. ಶುರುವಿನಲ್ಲಿ ಎಲ್ಲರೂ ಬಳಸ್ತಿದ್ದದ್ದು ಮೀನಿನ ಗಾಜಿನ ತೊಟ್ಟಿ, ಮೇಲೆ ಜಾಲರಿ ಮುಚ್ಚಳ, ಅದರ ಮೇಲೆ ಕಾಯಿಸೋ ಬಲ್ಬು. ಬಿಸಿಯಾದ ಗಾಳಿ ತೇವವನ್ನು ಹೊತ್ತುಕೊಂಡು ಜಾಲರಿಯಿಂದ ನೇರ ಮೇಲಕ್ಕೆ ಹೋಗುತ್ತಿತ್ತು. ಆಮೇಲೆ ತುಂಬಾ ಹಾವು ಸಾಕುವವರು ಜಾಗ, ದುಡ್ಡು ಉಳಿಸೋಕೆ ಪ್ಲಾಸ್ಟಿಕ್ ಡಬ್ಬಿಗಳಿಗೆ ಸಣ್ಣ ತೂತು ಕೊರೆದು, ಕೆಳಗಿನಿಂದ ಬಿಸಿ ಕೊಟ್ಟು ಸಾಲಾಗಿ ಜೋಡಿಸಿದರು. ಅಗ್ಗದ ಆ ಡಬ್ಬಿಯಲ್ಲಿ ತೇವ ನಿಂತಿತು, ಪೊರೆ ಒಂದೇ ತುಂಡಾಗಿ ಬಂತು. ಅದರ ಜೊತೆಗೆ ಇನ್ನೊಂದು ಉಪಾಯ ಬಂತು, ಅದೇ ಈ ಬರಹದ ತಲೆಬರಹ. ಐಸ್‌ಕ್ರೀಂ ಡಬ್ಬಿಯಂಥ ಮುಚ್ಚಳದ ಡಬ್ಬಿಗೆ ಹಾವು ನುಸುಳೋ ಅಷ್ಟು ತೂತು ಮಾಡಿ, ಒಳಗೆ ಹಿಂಡಿದ ಹಸಿ ಪಾಚಿ ತುಂಬಿ, ಗೂಡಿನ ಒಂದು ಮೂಲೆಯಲ್ಲಿ ಇಟ್ಟುಬಿಡೋದು. ಕತ್ತಲೆ, ಬಿಗಿ ಜಾಗ, ಹಸಿ ಗಾಳಿ, ಬಾಯಿಯ ಅಂಚು. ಗೆದ್ದಲು ಕೋಟಿಗಟ್ಟಲೆ ವರ್ಷದಿಂದ ಕಟ್ಟುತ್ತಿರೋದನ್ನು ಮನುಷ್ಯ ಪ್ಲಾಸ್ಟಿಕ್‌ನಲ್ಲಿ ಮಾಡಿದ. ಒಳಗೆ ಹೋಗಬೇಕೋ ಬೇಡವೋ ಅನ್ನೋದು ಹಾವಿಗೇ ಬಿಟ್ಟಿದ್ದು. ಪ್ರಾಕ್ಟರ್ ಶಾಖಕ್ಕೆ ಕೊಟ್ಟ ಆಯ್ಕೆ ಹೀಗೆ ತೇವಕ್ಕೂ ಸಿಕ್ಕಿತು. ಇವತ್ತು ಜಗತ್ತಿನ ಎಷ್ಟೋ ಹಾವುಗಳ ಗೂಡಿನ ತಳದಲ್ಲಿ ತೇವ ಹಿಡಿದಿಡೋ ಕೋಕೋಪೀಟ್ ನಮ್ಮ ದಕ್ಷಿಣ ಭಾರತ, ಶ್ರೀಲಂಕಾದ ತೆಂಗಿನ ಸಿಪ್ಪೆಯ ಪುಡಿ ಅನ್ನೋದು ಸಣ್ಣ ಖುಷಿಯ ವಿಷಯ.

ಈಗ ರೂಢಿಯಲ್ಲಿರೋ ಲೆಕ್ಕ ಹೇಳಿಬಿಡ್ತೀನಿ. ಬಾಲ್ ಪೈಥಾನ್‌ಗೆ ಮಾಮೂಲಿ ದಿನಗಳಲ್ಲಿ ಶೇಕಡಾ 50ರಿಂದ 60, ಕಣ್ಣು ನೀಲಿಯಾದಾಗಿಂದ ಪೊರೆ ಬಿಡೋವರೆಗೆ 70ರ ಆಸುಪಾಸು. ಕಾರ್ನ್ ಸ್ನೇಕ್‌ಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು, ಅಮೆಜಾನ್ ಕಡೆಯ ರೇನ್‌ಬೋ ಬೋವಾಗೆ ಬಹಳ ಹೆಚ್ಚು ಬೇಕು. ಅಳೆಯೋದಕ್ಕೆ ಡಿಜಿಟಲ್ ಮಾಪಕ ಹಾವಿನ ಮಟ್ಟದಲ್ಲಿ ಇರಲಿ, ಮುಚ್ಚಳಕ್ಕೆ ಅಂಟಿಸಿದರೆ ಬಲ್ಬಿನ ಕೆಳಗಿನ ಗಾಳಿಯನ್ನು ಅಳೀತೀರಿ. ಜಾಲರಿಯ ಬಹುಭಾಗ ಮುಚ್ಚಿ, ಪೂರ್ತಿ ಬೇಡ. ಗಾಳಿ ಓಡಾಡದೆ ತಳ ಸದಾ ಒದ್ದೆ ಇದ್ದರೆ ಹೊಟ್ಟೆಯ ಚಿಪ್ಪುಗಳಲ್ಲಿ ಗುಳ್ಳೆ, ಕೊಳೆತ ಶುರುವಾಗುತ್ತೆ. ಬೇಕಾಗಿರೋದು ಹಸಿ ಗಾಳಿ, ಕೆಸರಲ್ಲ. ಆದರೂ ಪೊರೆ ಉಳಿದರೆ ಹಾವಿನ ಬೆನ್ನು ಮುಳುಗದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ, ನೀವು ಹತ್ತಿರವೇ ಇದ್ದು, ಇಪ್ಪತ್ತು ಮೂವತ್ತು ನಿಮಿಷ ಬಿಡಿ. ಆಮೇಲೆ ಒದ್ದೆ ಟವೆಲ್ಲಿನ ಮಡಿಕೆಗಳ ನಡುವೆ ಅದೇ ಹರಿದು ಹೋಗಲಿ. ಕಣ್ಣಿನ ಚಿಪ್ಪು ಉಳಿದಿದ್ದರೆ ಕೈ ಹಾಕಬೇಡಿ. ತೇವ ಸರಿ ಮಾಡಿ ಮುಂದಿನ ಪೊರೆಗೆ ಕಾಯಿರಿ, ಆಗಲೂ ಹೋಗದಿದ್ದರೆ ಸರೀಸೃಪ ಗೊತ್ತಿರೋ ಪಶುವೈದ್ಯರ ಹತ್ತಿರ ಹೋಗಿ. ತೇವ ಸರಿಯಿದ್ದೂ ಪದೇ ಪದೇ ಹೀಗಾದರೆ ಉಣ್ಣೆಯಂಥ ಸಣ್ಣ ಹುಳು, ಕಾಯಿಲೆ, ಹಳೆ ಗಾಯ ಇರಬಹುದು.

ಇಷ್ಟು ಹೇಳಿದ ಮೇಲೆ ನಮ್ಮ ನೆಲದ ಮಾತು ಹೇಳಲೇಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಾಗರ, ಕೇರೆ, ಹೆಬ್ಬಾವು ಹೀಗೆ ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕೋ ಹಾಗಿಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಇರೋದು ಹೊರದೇಶದ ಹಾವು. ಅವುಗಳ ವಿವರ ಸ್ವಯಂ ಘೋಷಿಸಿಕೊಳ್ಳಿ ಅಂತ ಕೇಂದ್ರ 2020ರಲ್ಲಿ ಹೇಳಿತು. 2022ರ ತಿದ್ದುಪಡಿ ಮತ್ತು ಅದರ ಮೇಲೆ ಬಂದ 2024ರ ನಿಯಮಗಳ ಪ್ರಕಾರ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರೋ ಜೀವಿಗಳ ನೋಂದಣಿ ಕಡ್ಡಾಯ. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ. ಕಾಗದಪತ್ರ ಇಲ್ಲದ ಹಾವು ಕಳ್ಳಸಾಗಣೆಯದೂ ಆಗಿರಬಹುದು, ಕೊಳ್ಳುವ ಮುಂಚೆ ಯೋಚಿಸಿ. ಬೆಂಗಳೂರು ತಂಪು ಊರು ಅಂತ ಹಾವು ಸಾಕುವವರು ಸಮಾಧಾನವಾಗಿರ್ತಾರೆ. ಆದರೆ ಮಾರ್ಚ್ ಮಧ್ಯಾಹ್ನ ಇಲ್ಲಿನ ಆರ್ದ್ರತೆ ಶೇಕಡಾ 30ರ ಹತ್ತಿರಕ್ಕೆ ಇಳಿಯುತ್ತೆ. ಅದು ನಮ್ಮ ಪುಟ್ಟ ಹರ್ಮಟಾನ್.

ಹಾವಾಡಿಗರ ಬುಟ್ಟಿಯಲ್ಲಿ ನಡೀತಿದ್ದದ್ದು ಇದಕ್ಕಿಂತ ಘೋರ. ನಾಗರಪಂಚಮಿಗೆ ಎಷ್ಟೋ ದಿನ ಮುಂಚೆ ಹಿಡಿದು, ಹಲ್ಲು ಕಿತ್ತು, ನೀರು ಕೊಡದೆ ಬಿದಿರಿನ ಬುಟ್ಟಿಯಲ್ಲಿ ಇಡೋದು. ಹಬ್ಬದ ದಿನ ಹಾಲು ಮುಂದಿಟ್ಟರೆ ಬಾಯಾರಿ ಬೆಂದ ಹಾವು ಕುಡಿಯುತ್ತೆ, ನೋಡಿದವರು ಕೈ ಮುಗೀತಾರೆ. ಹಾಲು ಹಾವಿಗೆ ಜೀರ್ಣವಾಗೋ ಆಹಾರ ಅಲ್ಲ. ನಾವು ಭಕ್ತಿ ಅಂತ ಕಂಡದ್ದು ಬರೀ ಬಾಯಾರಿಕೆ. ಅದೇ ದಕ್ಷಿಣದಲ್ಲಿ ಬೇರೆ ಮಾದರಿಯೂ ಇದೆ. ಚೆನ್ನೈ ಹತ್ತಿರ ಇರುಳರು 1978ರಲ್ಲಿ ಕಟ್ಟಿಕೊಂಡ ಹಾವು ಹಿಡಿಯುವವರ ಸಹಕಾರ ಸಂಘದಲ್ಲಿ, ವಿಷ ತೆಗೆಯಲು ತಂದ ಹಾವುಗಳನ್ನು ಮಣ್ಣಿನ ಮಡಕೆಯಲ್ಲಿ, ತಳಕ್ಕೆ ಮರಳು ಹಾಕಿ, ಬಾಯಿಗೆ ಹತ್ತಿಬಟ್ಟೆ ಕಟ್ಟಿ ಇಡ್ತಾರೆ. ಕೆಲವು ವಾರ ಇಟ್ಟುಕೊಂಡು ಮತ್ತೆ ಕಾಡಿಗೆ ಬಿಡ್ತಾರೆ. ಕತ್ತಲೆ, ತಂಪು, ಉಸಿರಾಡೋ ಮಣ್ಣಿನ ಗೋಡೆ. ಮಡಕೆ ಅಂದ್ರೆ ಸುಟ್ಟ ಹುತ್ತ ತಾನೇ!

ಕರಾವಳಿಯ ನಾಗಬನಗಳೂ ಇದೇ ಜಾತಿಯ ತಿಳಿವಳಿಕೆ. ಮರ, ಬಳ್ಳಿ, ತರಗೆಲೆ, ನೆರಳು, ಕಡು ಬೇಸಿಗೆಯಲ್ಲೂ ಆರದ ನೆಲ. ಕೊಡಲಿ ಹಾಕಬಾರದು ಅನ್ನೋ ಕಟ್ಟಳೆ ಆ ತೇವವನ್ನು ತಲೆತಲಾಂತರ ಕಾದಿತ್ತು. ಈಗ ಎಷ್ಟೋ ಕಡೆ ಮರ ಕಡಿದು, ಬಳ್ಳಿ ಸವರಿ, ಸಿಮೆಂಟ್ ಕಟ್ಟೆ ಕಟ್ಟಿ, ಗ್ರಾನೈಟ್ ಹಾಸಿ ಜೀರ್ಣೋದ್ಧಾರ ಅಂತ ಕರೀತಾರೆ. ಅಂಥ ಕಡೆ ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಕಾಲು ಸುಡುತ್ತೆ. ಕಲ್ಲಿನ ನಾಗನಿಗೆ ಅಭಿಷೇಕದ ನೀರು ಬೀಳುತ್ತೆ, ಗ್ರಾನೈಟಿನ ಮೇಲೆ ಹರಿದು ಚರಂಡಿಗೆ ಹೋಗುತ್ತೆ. ಜೀವಂತ ನಾಗ ಪೊರೆ ಬಿಡೋದಕ್ಕೆ ಬೇರೆ ಜಾಗ ಹುಡುಕಬೇಕು. ಲಂಡನ್ನಿನವರು ಹಾವಿಗೆ ಕಂಬಳಿ ಹೊದಿಸಿದ್ದಕ್ಕೆ ಈಗ ತಾನೇ ನಕ್ಕೆವು. ನಾವು ಹಾಸಿರೋ ಗ್ರಾನೈಟ್ ಅದಕ್ಕಿಂತ ಜಾಣತನದ್ದೇನಲ್ಲ.

ಮನೆಯಲ್ಲಿ ಹಾವಿದ್ದವರಿಗೆ ಈ ಬೇಸಿಗೆಗೆ ನನ್ನದು ಇಷ್ಟೇ ಮಾತು. ಕಣ್ಣು ನೀಲಿಯಾದ ದಿನ ಪಾಚಿ ನೆನೆಸಿ ಡಬ್ಬಿಗೆ ತುಂಬಿ, ಬಟ್ಟಲಿಗೆ ಹೊಸ ನೀರು ಹಾಕಿ, ಊಟ ಕೊಡೋದು ನಿಲ್ಲಿಸಿ, ಕೈಗೆತ್ತಿಕೊಳ್ಳೋದೂ ನಿಲ್ಲಿಸಿ. ಒಂದು ವಾರ, ಹತ್ತು ದಿನ. ಪೊರೆ ಸಿಕ್ಕಿದ ಮೇಲೆ ಬಿಸಾಕುವ ಮುಂಚೆ ಬೆಳಕಿಗೆ ಹಿಡಿದು ತಲೆಯ ಹತ್ತಿರ ನೋಡಿ. ಎರಡು ದುಂಡನೆಯ ಗಾಜಿನಂಥ ಚಿಪ್ಪು ಇದ್ದರೆ ಗೂಡಿನ ಗಾಳಿ ಸರಿಯಾಗಿತ್ತು ಅಂತ ಲೆಕ್ಕ.